340 ಇಮೇಲ್, ಆಮೇಲೆ 14: ಒಂದು ಡೊಮೇನ್ ಹೆಸರು ಮಾರಾಟವಾದ ಬಗೆ

ಈ ಪ್ರಕರಣದ ಮಾರಾಟಗಾರ್ತಿ ನನಗೆ ಹಲವು ವರ್ಷಗಳಿಂದ ಪರಿಚಯ. ವೆಬ್‌ಸೈಟ್ ವಿನ್ಯಾಸ ಅವರ ವೃತ್ತಿ. ಡೊಮೇನ್ ಹೆಸರುಗಳನ್ನು, ಅಂದರೆ ವೆಬ್‌ಸೈಟ್‌ಗಳ ವಿಳಾಸಗಳನ್ನು, ಕೊಂಡಿಟ್ಟು ಮಾರುವ ಕೆಲಸವನ್ನು ಬಿಡುವಿನ ವೇಳೆಗೆಂದು ಶುರು ಮಾಡಿದ್ದರು. ತಾವು ಕಳಿಸಿದ, ತಮಗೆ ಬಂದ ಇಮೇಲ್‌ಗಳನ್ನೆಲ್ಲ ನನಗೆ ಓದಲು ಕೊಟ್ಟರು, ಬರೆಯುವುದಕ್ಕೆ ಒಪ್ಪಿಗೆಯನ್ನೂ ಕೊಟ್ಟರು. ಯಾರ ಗುರುತೂ ಸಿಗಬಾರದೆಂದು ಡೊಮೇನ್, ಕೊಂಡವರ ಉದ್ಯಮ, ಊರು, ದೇಶ ಯಾವುದನ್ನೂ ಇಲ್ಲಿ ಹೇಳಿಲ್ಲ. ಬೆಲೆಯನ್ನೂ ಹಣದ ಲೆಕ್ಕದಲ್ಲಿ ಹೇಳದೆ, ಆ ಹೆಸರನ್ನು ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ಕಟ್ಟುವ ನವೀಕರಣ ಶುಲ್ಕದ ಎಷ್ಟು ಪಟ್ಟು ಎಂದಷ್ಟೇ ಹೇಳಿದ್ದೇನೆ.

ಹಿನ್ನೆಲೆ

ನಾಲ್ಕು ವರ್ಷಗಳಲ್ಲಿ ಅವರ ಬಳಿ 41 ಹೆಸರುಗಳು ಸೇರಿದ್ದವು. ಅರ್ಧಕ್ಕಿಂತ ಹೆಚ್ಚಿನವು ಒಂದೇ ಹುರುಪಿನಲ್ಲಿ, ಎರಡು ತಿಂಗಳೊಳಗೆ ಕೊಂಡವು. ಹಾಗಾಗಿ ನವೀಕರಣದ ದಿನಗಳೂ ಪ್ರತಿವರ್ಷ ಒಟ್ಟೊಟ್ಟಿಗೇ ಬರುತ್ತಿದ್ದವು. ಕೆಲವು ಆ ಹೊತ್ತಿಗೆ ಎಲ್ಲರ ಬಾಯಲ್ಲಿದ್ದ ತಂತ್ರಜ್ಞಾನದ ಪದಗಳು. ಕೆಲವು ಹಳೆಯ ಮಾಲೀಕರು ನವೀಕರಿಸದೆ ಬಿಟ್ಟು, ಅವಧಿ ಮುಗಿದು ಮತ್ತೆ ನೋಂದಣಿಗೆ ಬಂದವು. ಉಳಿದವು ಸರಕನ್ನೋ ಸೇವೆಯನ್ನೋ ನೇರವಾಗಿ ಹೇಳುವ ಎರಡು ಪದದ ಹೆಸರುಗಳು. ಎಲ್ಲದಕ್ಕೂ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಪುಟ ಹಾಕಿ ಕಾದರು. ಕೇಳಿಕೊಂಡು ಬಂದವರು ಯಾರೂ ಇಲ್ಲ. ಮೂರನೇ ಬಾರಿ ನವೀಕರಣದ ಬಿಲ್ ಒಟ್ಟಿಗೆ ಬಂದಾಗ, ಕೊಳ್ಳುವವರು ತಾವಾಗಿ ಬರುವುದಿಲ್ಲ, ನಾನೇ ಕೇಳಬೇಕು ಎಂದು ತೀರ್ಮಾನಿಸಿದರು. ತೀರ್ಮಾನ ಸರಿಯೇ. ಅದನ್ನು ಜಾರಿಗೆ ತಂದ ರೀತಿ ಕೈ ಸುಟ್ಟಿತು.

ಮೊದಲ ಸುತ್ತು

ಆರು ಹೆಸರುಗಳನ್ನು ಆರಿಸಿದರು. ಅವುಗಳಿಗೆ ಸ್ವಲ್ಪವಾದರೂ ಸಂಬಂಧ ಇದೆ ಎನಿಸಿದ ಕಂಪನಿಗಳ ವೆಬ್‌ಸೈಟ್‌ಗಳಿಂದ ವಿಳಾಸ ಎತ್ತಿಕೊಂಡರು. ಬಹುಪಾಲು ‘ಇನ್ಫೋ’, ‘ಕಾಂಟ್ಯಾಕ್ಟ್’ ಎಂದು ಶುರುವಾಗುವ ವಿಳಾಸಗಳು. ಎರಡು ದಿನದಲ್ಲಿ 340 ಇಮೇಲ್ ಹೋದವು, ಎಲ್ಲವೂ ತಮ್ಮ ವಿನ್ಯಾಸದ ಕೆಲಸಕ್ಕೆ ಬಳಸುವ ವಿಳಾಸದಿಂದಲೇ.

ವಿಷಯದ ಸಾಲು: ‘ನಿಮ್ಮ ಉದ್ಯಮಕ್ಕೊಂದು ಅಮೂಲ್ಯ ಅವಕಾಶ’. ಒಳಗೆ ಆರೂ ಹೆಸರುಗಳ ಪಟ್ಟಿ. ಈ ಹೆಸರು ಕೊಂಡರೆ ಹುಡುಕಾಟದಲ್ಲಿ ನೀವೇ ಮೊದಲು ಬರುತ್ತೀರಿ, ಈ ವಾರ ಮಾತ್ರ ರಿಯಾಯಿತಿ ಎಂಬ ಮಾತುಗಳು. ಓದಿದಾಗ ನನಗೆ ನೋವಾಯಿತು. ದಿನನಿತ್ಯದ ವ್ಯವಹಾರದಲ್ಲಿ ಒಂದು ಸುಳ್ಳು ಹೇಳದ ವ್ಯಕ್ತಿ, ಮಾರಾಟದ ಪತ್ರ ಹೀಗೇ ಇರಬೇಕು ಎಂದುಕೊಂಡು ತಮ್ಮದಲ್ಲದ ದನಿಯಲ್ಲಿ ಬರೆದಿದ್ದರು. ಹುಡುಕಾಟದ ಮಾತಂತೂ ಹಳಸಿದ್ದು. ಹುಡುಕುವ ಪದಗಳೇ ಡೊಮೇನ್ ಹೆಸರಾಗಿದ್ದರೆ ಕಳಪೆ ಸೈಟೂ ಮೇಲೆ ಬರುತ್ತಿದ್ದ ಕಾಲವೊಂದಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅದನ್ನು ತಡೆಯುವ ಬದಲಾವಣೆ ತಂದಿತು. ಇಂದು ಆ ಭರವಸೆ ಕೊಡುವವರು ಕೊಳ್ಳುವವನಿಗೆ ಇಲ್ಲದ ಸರಕನ್ನು ತೋರಿಸುತ್ತಿದ್ದಾರೆ ಎಂದೇ ಅರ್ಥ.

ಎಪ್ಪತ್ತಕ್ಕೂ ಹೆಚ್ಚು ಇಮೇಲ್ ತಲುಪದೆ ಹಿಂದಿರುಗಿದವು. ಉತ್ತರ ಬಂದದ್ದು ಐದು. ಇಬ್ಬರು ಪಟ್ಟಿಯಿಂದ ತಮ್ಮನ್ನು ತೆಗೆಯಿರಿ ಎಂದರು. ಒಬ್ಬರು ಬೈದರು. ಒಬ್ಬರು ನೋಂದಣಿ ಶುಲ್ಕಕ್ಕಿಂತಲೂ ಕಡಿಮೆ ಬೆಲೆ ಹೇಳಿದರು. ಐದನೆಯದು ವಕೀಲರ ಪತ್ರ.

ಅದು ಬರುವುದಕ್ಕೂ ಮುಂಚೆ, ಮೂರನೇ ದಿನ, ಅವರ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿದರು. ‘ಬಿಲ್ ಕಳಿಸ್ತೀನಿ ಅಂದಿದ್ರಿ, ಬರಲೇ ಇಲ್ಲ.’ ಬಿಲ್ ಹೋಗಿತ್ತು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಮತ್ತಿಬ್ಬರು ಗ್ರಾಹಕರನ್ನು ವಿಚಾರಿಸಿದಾಗ ಅಲ್ಲೂ ಅದೇ ಕಥೆ. ಹೊಟ್ಟೆಪಾಡಿನ ವಿಳಾಸವನ್ನೇ ಪಣಕ್ಕಿಟ್ಟಿದ್ದೇನೆ ಎಂಬುದು ಅವರಿಗೆ ಆಗ ಹೊಳೆಯಿತು.

ಕಾರಣ ನಿಗೂಢವೇನಲ್ಲ. ಇಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ ಬಂದದ್ದು ಎಂದು ತೋರಿಸಲು ಮೂರು ಏರ್ಪಾಡುಗಳಿವೆ. ಯಾವ ಸರ್ವರ್‌ಗಳು ನಮ್ಮ ಪರವಾಗಿ ಕಳಿಸಬಹುದು ಎಂದು ಹೇಳುವುದು ಎಸ್‌ಪಿಎಫ್. ಪ್ರತಿ ಪತ್ರಕ್ಕೂ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಈ ಎರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಎಂದು ತಿಳಿಸುವುದು ಡಿಮಾರ್ಕ್. ಅವರ ಡೊಮೇನ್‌ನಲ್ಲಿ ಮೊದಲನೆಯದು ಮಾತ್ರ ಇತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾದವು. ಸ್ಪ್ಯಾಮ್ ದೂರುಗಳ ಪ್ರಮಾಣ ಶೇ 0.3ಕ್ಕಿಂತ ಕೆಳಗಿರಬೇಕು ಎಂಬುದೂ ಅವರ ನಿಯಮಗಳಲ್ಲಿದೆ. 340ರಲ್ಲಿ ಇಬ್ಬರು ‘ಸ್ಪ್ಯಾಮ್’ ಗುಂಡಿ ಒತ್ತಿದರೆ ಅದು ಶೇ 0.6ರ ಹತ್ತಿರ. ಲೆಕ್ಕ ನಡೆಯುವುದು ಆಯಾ ಸೇವೆಯ ಇನ್‌ಬಾಕ್ಸ್‌ಗಳ ಮೇಲೆ, ಆದ್ದರಿಂದ ಇಷ್ಟು ನೇರವಾಗಿ ಇರುವುದಿಲ್ಲ. ಆದರೂ ಸಣ್ಣ ಕಳುಹಿಸುವವರಿಗೆ ಎಷ್ಟು ಕಡಿಮೆ ಅವಕಾಶ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ವಕೀಲರ ಪತ್ರಕ್ಕೆ ಬರೋಣ. ಆರು ಹೆಸರುಗಳ ಪೈಕಿ ಒಂದರಲ್ಲಿ ಒಂದು ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕ್ ಅಡಗಿತ್ತು, ಅದರ ಪಕ್ಕದಲ್ಲಿ ಅದೇ ಕಂಪನಿ ಮಾರುವ ಸರಕಿನ ಹೆಸರು. ಅವಧಿ ಮುಗಿದ ಹೆಸರುಗಳ ಪಟ್ಟಿಯಲ್ಲಿ ಸಿಕ್ಕಾಗ ಇವರು ಅದನ್ನು ಸಾಮಾನ್ಯ ಪದ ಅಂದುಕೊಂಡಿದ್ದರು. ಕೆಟ್ಟದ್ದೇನೆಂದರೆ, ಆ ಕಂಪನಿಗೇ ‘ಕೊಳ್ಳಿ’ ಎಂದು ಇಮೇಲ್ ಕಳಿಸಿದ್ದರು.

ಡೊಮೇನ್ ವಿವಾದಗಳಿಗೆ, ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ 1999ರಲ್ಲಿ ಒಂದು ಏಕರೂಪದ ನೀತಿ ತಂದಿತು, ಯುಡಿಆರ್‌ಪಿ ಎಂದು ಕರೆಯುತ್ತಾರೆ. ದೂರು ಕೊಡುವವರು ಮೂರು ಸಂಗತಿ ಸಾಬೀತು ಮಾಡಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕ್‌ನಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ; ಇಟ್ಟುಕೊಂಡವರಿಗೆ ಅದರ ಮೇಲೆ ನ್ಯಾಯವಾದ ಹಕ್ಕು ಅಥವಾ ಹಿತಾಸಕ್ತಿ ಇಲ್ಲ; ದುರುದ್ದೇಶದಿಂದ ನೋಂದಾಯಿಸಿ ಬಳಸುತ್ತಿದ್ದಾರೆ. ಟ್ರೇಡ್‌ಮಾರ್ಕ್ ಮಾಲೀಕರಿಗೇ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ನೋಂದಾಯಿಸಿದ್ದರೆ, ಅದು ದುರುದ್ದೇಶಕ್ಕೆ ಪುರಾವೆ ಎಂದು ನೀತಿಯಲ್ಲೇ ಬರೆದಿದೆ. ಹಾಗಾದರೆ ಇವರು ಕಳಿಸಿದ ಇಮೇಲ್ ಎದುರಾಳಿಗೆ ತಾವೇ ಕೊಟ್ಟ ದಾಖಲೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಿಜವೇ ಆಗಿದ್ದರೂ, ಆ ಇಮೇಲ್ ಎದುರಿಗಿದ್ದಾಗ ನಂಬುವವರು ಯಾರು?

ನೋಂದಣಿಗೆ ತಗುಲಿದ ಖರ್ಚನ್ನಾದರೂ ಕೇಳೋಣ ಎಂದು ಅವರಿಗಿತ್ತು. ಅವರ ವಕೀಲರು ಬೇಡವೆಂದರು. ಹಣದ ಮಾತೇ ಎತ್ತದೆ ಹೆಸರನ್ನು ಒಪ್ಪಿಸಿದರು, ಆ ಕಂಪನಿಯೂ ಅಲ್ಲಿಗೇ ಬಿಟ್ಟಿತು. ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದೇ ಎಂದು ನನಗನಿಸುತ್ತದೆ.

ನಿಲ್ಲಿಸಿದ ಆರು ವಾರ

ಆರು ವಾರ ಒಂದೂ ಇಮೇಲ್ ಹೋಗಲಿಲ್ಲ. ಡಿಕಿಮ್, ಡಿಮಾರ್ಕ್ ಸರಿಪಡಿಸಿದರು. ಮಾರಾಟದ ಪತ್ರಗಳಿಗೆಂದು ತಮ್ಮ ಹೆಸರೇ ಇರುವ ಬೇರೆ ಡೊಮೇನ್‌ನಲ್ಲಿ ವಿಳಾಸ ಮಾಡಿಕೊಂಡರು. ಹೊಸ ಡೊಮೇನ್ ಎಂದರೆ ಪರಿಚಯವಿಲ್ಲದ ಮನುಷ್ಯನಿದ್ದಂತೆ, ಒಮ್ಮೆಗೇ ನೂರು ಮನೆಯ ಬಾಗಿಲು ತಟ್ಟಿದರೆ ಅನುಮಾನ ಬರುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಕಳಿಸುವುದಿಲ್ಲ ಎಂದು ನಿಶ್ಚಯಿಸಿದರು.

ನಿಜವಾದ ತಿರುವು ಬಂದದ್ದು ಬೇರೆ ಕಡೆ. ಒಂದು ಸಂಜೆ ಉಳಿದ 40 ಹೆಸರುಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆಗೆ ಉತ್ತರ ಬರೆಯಲು ಕೂತೆವು: ‘ನಾಳೆ ಬೆಳಗ್ಗೆ ಈ ಹೆಸರು ಕೈಗೆ ಬಂದರೆ ಕೆಲಸ ಹಗುರಾಗುವ ಹತ್ತು ಕಂಪನಿ ಯಾವುವು?’ ಇಂಥ ರಂಗದವರಿಗೆ ಎನ್ನುವಂತಿಲ್ಲ, ಕಂಪನಿಯ ಹೆಸರೇ ಬೇಕು. 27 ಹೆಸರುಗಳ ಮುಂದೆ ಒಂದು ಕಂಪನಿಯನ್ನೂ ಬರೆಯಲಾಗಲಿಲ್ಲ. ಎಂಟರ ಮುಂದೆ ಎರಡು ಮೂರು ಬಂದವು. ಐದಕ್ಕೆ ಮಾತ್ರ ಹತ್ತು ದಾಟಿತು. ಆ 27ರಲ್ಲಿ ಅವರಿಗೆ ತುಂಬ ಇಷ್ಟವಾಗಿದ್ದ, ಕೇಳಲು ಚೆಂದವಾದ ಹೆಸರುಗಳಿದ್ದವು. ಸುಮಾರು ಹೊತ್ತು ಸುಮ್ಮನೆ ಕೂತಿದ್ದರು.

ಐದರಲ್ಲಿ ಒಂದನ್ನು ಆರಿಸಿದೆವು. ಒಂದು ಸಲಕರಣೆಯ ಹೆಸರು, ಅದರ ಹಿಂದೆ ಅದನ್ನು ಬಳಸುವ ಜಾಗದ ಹೆಸರು, ಕೊನೆಗೆ ಡಾಟ್ ಕಾಮ್. ಎರಡೂ ನಿಘಂಟಿನ ಪದಗಳು. ಟ್ರೇಡ್‌ಮಾರ್ಕ್ ದತ್ತಾಂಶಗಳಲ್ಲಿ ಹುಡುಕಿದೆವು, ಹಳೆಯ ಮಾಲೀಕರು ಅಲ್ಲಿ ಏನು ಹಾಕಿದ್ದರು ಎಂದು ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ನೋಡಿದೆವು. ಎರಡೂ ಕಡೆ ತೊಡಕಿರಲಿಲ್ಲ.

ಎರಡನೇ ಸುತ್ತು

ಯಾರಿಗೆ ಬರೆಯಬೇಕು ಎಂಬ ಪಟ್ಟಿ ಮಾಡಲು ಮೂರು ಸಂಜೆ ಹಿಡಿಯಿತು. ಪತ್ರ ಬರೆಯಲು ಅರ್ಧ ಗಂಟೆ. ಈ ಅನುಪಾತ ಸರಿಯಾದದ್ದು ಎಂದು ನಾನು ನಂಬಿದ್ದೇನೆ. ಒಳ್ಳೆಯ ಪತ್ರ ಬೇಡದವನನ್ನು ಕೊಳ್ಳುವಂತೆ ಮಾಡಲಾರದು; ಬೇಕಾದವನಿಗೆ ನಾಲ್ಕು ಸಾಲು ಸಾಕು.

ಮೊದಲು ಹುಡುಕಿದ್ದು ಅದೇ ಎರಡು ಪದಗಳನ್ನು ಸೊಟ್ಟ ರೂಪದಲ್ಲಿ ಬಳಸುತ್ತಿದ್ದವರನ್ನು: ನಡುವೆ ಹೈಫನ್ ಹಾಕಿದವರು, ಹಿಂದೆ ಮುಂದೆ ಒಂದು ಪದ ಅಂಟಿಸಿಕೊಂಡವರು, ಡಾಟ್ ಕಾಮ್ ಸಿಗದೆ ಬೇರೆ ವಿಸ್ತರಣೆಗೆ ಹೋದವರು. ಆಮೇಲೆ ಆ ಪದಗಳನ್ನು ಹುಡುಕಿದಾಗ ಹಣ ಕೊಟ್ಟು ಜಾಹೀರಾತು ಹಾಕುವವರನ್ನು. ಪ್ರತಿ ಕ್ಲಿಕ್ಕಿಗೂ ಹಣ ಕೊಡುವವರಿಗೆ ಆ ಪದಗಳ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಒಟ್ಟು 23 ಕಂಪನಿಗಳಾದವು. ತೀರಾ ದೊಡ್ಡ ಸಂಸ್ಥೆಗಳನ್ನು ಬಿಟ್ಟೆವು, ಅಲ್ಲಿ ಇಂಥ ಪತ್ರ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ. ಇತ್ತೀಚೆಗಷ್ಟೇ ಹೆಸರು ಬದಲಿಸಿಕೊಂಡವರನ್ನೂ ಬಿಟ್ಟೆವು. 14 ಉಳಿದವು.

ಹೂಇಸ್ ಎಂಬ ಸಾರ್ವಜನಿಕ ನೋಂದಣಿ ದಾಖಲೆಯಲ್ಲಿ ಡೊಮೇನ್ ಮಾಲೀಕರ ಹೆಸರು, ಇಮೇಲ್ ಸಿಗುತ್ತಿದ್ದ ಕಾಲ ಮುಗಿದಿದೆ. 2018ರ ಮೇ 25ರಂದು ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಯಾದಾಗಿನಿಂದ ಆ ವಿವರಗಳು ಬಹುಪಾಲು ಮರೆಯಾಗಿವೆ. ಹಾಗಾಗಿ ಕಂಪನಿಯ ಪರಿಚಯದ ಪುಟಗಳನ್ನು ಓದಿ, ಸಣ್ಣ ಕಂಪನಿಯಾದರೆ ಮಾಲೀಕರಿಗೆ, ಸ್ವಲ್ಪ ದೊಡ್ಡದಾದರೆ ಮಾರ್ಕೆಟಿಂಗ್ ಮುಖ್ಯಸ್ಥರಿಗೆ ಬರೆಯುವುದೆಂದು ಗೊತ್ತು ಮಾಡಿದೆವು. ಕಂಪ್ಯೂಟರ್ ವಿಭಾಗದವರಿಗೆ ಬರೆಯಲಿಲ್ಲ. ಅವರಿಗೆ ವಿಷಯ ಅರ್ಥವಾಗುತ್ತದೆ, ಆದರೆ ಹಣ ಖರ್ಚು ಮಾಡುವ ಅಧಿಕಾರ ಹೆಚ್ಚಾಗಿ ಬೇರೆಯವರ ಕೈಯಲ್ಲಿರುತ್ತದೆ.

ಪತ್ರ ಹೀಗಿತ್ತು. ವಿಷಯದ ಸಾಲಿನಲ್ಲಿ ಡೊಮೇನ್ ಹೆಸರು, ಇನ್ನೇನೂ ಇಲ್ಲ.

‘ನಮಸ್ಕಾರ. ನಿಮ್ಮ ವೆಬ್‌ಸೈಟ್ ವಿಳಾಸದಲ್ಲಿ ಎರಡು ಪದಗಳ ನಡುವೆ ಹೈಫನ್ ಇದೆ. ಹೈಫನ್ ಇಲ್ಲದ ಇದೇ ಹೆಸರು ನನ್ನ ಬಳಿ ಇದೆ, ಮಾರಬೇಕೆಂದಿದ್ದೇನೆ. ನಿಮಗೆ ಉಪಯೋಗವಾಗಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ಬೇಡವಾದರೆ ಒಂದು ಮಾತು ತಿಳಿಸಿ, ಮತ್ತೆ ಬರೆಯುವುದಿಲ್ಲ.’

ಕೆಳಗೆ ಅವರ ಪೂರ್ಣ ಹೆಸರು, ಫೋನ್, ಅಂಚೆ ವಿಳಾಸ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ವ್ಯಾಪಾರದ ಇಮೇಲ್‌ನಲ್ಲಿ ಅಂಚೆ ವಿಳಾಸ ಇರಲೇಬೇಕು, ವಿಷಯದ ಸಾಲು ದಾರಿ ತಪ್ಪಿಸಬಾರದು, ಬೇಡವೆಂದವರಿಗೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು ಎನ್ನುತ್ತದೆ. ಬೇರೆ ದೇಶಗಳಲ್ಲಿ ಇನ್ನೂ ಬಿಗಿಯಾದ ಕಾನೂನುಗಳಿವೆ. ಪತ್ರ ಯಾವ ದೇಶಕ್ಕೆ ಹೋಗುತ್ತದೋ ಅಲ್ಲಿನದನ್ನು ನೋಡಿಕೊಳ್ಳಬೇಕು. ಕಾನೂನು ಒತ್ತಟ್ಟಿಗಿರಲಿ, ವಿಳಾಸ ಕೊಟ್ಟು ಬರೆಯುವವರು ಬಚ್ಚಿಟ್ಟುಕೊಳ್ಳುವವರಲ್ಲ ಎಂಬುದು ಓದುವವರಿಗೆ ತಟ್ಟನೆ ತಿಳಿಯುತ್ತದೆ.

ಹದಿನಾಲ್ಕೂ ಪತ್ರಗಳಲ್ಲಿ ಮೊದಲ ಎರಡು ಸಾಲು ಬೇರೆ ಬೇರೆ. ಮೊದಲು ಏಳು ಮಂದಿಗೆ ಕಳಿಸಿದರು, ಬೆಲೆ ಹೇಳದೆ. ಒಬ್ಬರು ಬೇಡ ಎಂದರು. ಇನ್ನೊಬ್ಬರು, ಹಿಂದೆ ಒಂದು ಪದ ಅಂಟಿಸಿಕೊಂಡಿದ್ದ ಕಂಪನಿಯವರು, ಎರಡೇ ಗಂಟೆಯಲ್ಲಿ ಉತ್ತರಿಸಿದರು: ‘ಎಷ್ಟು?’

ಇಲ್ಲಿ ಎಡವಿದೆವು. ‘ಎಷ್ಟು’ ಎಂಬ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೂ ಉತ್ತರ ಸಿದ್ಧ ಇರಲಿಲ್ಲ. ಕಡಿಮೆ ಹೇಳಿಬಿಡುತ್ತೇನೋ ಎಂಬ ಅಳುಕಿನಲ್ಲಿ ಅವರು ಎರಡು ದಿನ ಅಳೆದು ತೂಗಿ, ಕೊನೆಗೆ ‘ನಿಮ್ಮ ಬಜೆಟ್ ಎಷ್ಟಿದೆ?’ ಎಂದು ತಿರುಗಿ ಕೇಳಿದರು. ಆ ಕಡೆಯಿಂದ ಮತ್ತೆ ಮಾತೇ ಬರಲಿಲ್ಲ. ಒಂದು ವಾರದ ಮೇಲೆ ಬೆಲೆ ಬರೆದು ಕಳಿಸಿದರೂ ಉತ್ತರವಿಲ್ಲ. ಕೇಳಿದ ಗಳಿಗೆಯಲ್ಲಿ ಅವರಿಗೆ ಮನಸ್ಸಿತ್ತು, ಎರಡು ದಿನದ ಮೇಲೆ ಬೇರೆ ಕೆಲಸ ಬಂತು. ಅಷ್ಟೇ ಆಗಿರಬಹುದು. ಆ ಮಾರಾಟ ತಪ್ಪಿದ್ದರಲ್ಲಿ ನನ್ನ ಪಾಲೂ ಇದೆ. ಬಜೆಟ್ ಕೇಳಿ ಎಂದು ಸಲಹೆ ಕೊಟ್ಟವನು ನಾನೇ.

ಬೆಲೆಯ ಮಾತು

ಎರಡನೇ ಏಳು ಪತ್ರ ಹೋಗುವ ಮುಂಚೆ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಂಡರು: ಕೇಳುವ ಬೆಲೆ ನವೀಕರಣ ಶುಲ್ಕದ 150 ಪಟ್ಟು, ಸಂತೋಷದಿಂದ ಒಪ್ಪುವ ಬೆಲೆ 100 ಪಟ್ಟು, ಅದಕ್ಕಿಂತ ಕೆಳಗೆ ಇಳಿಯಲೇಬಾರದ ಬೆಲೆ 80 ಪಟ್ಟು. ಅದೇ ಬಗೆಯ ಹೆಸರುಗಳು ಹಿಂದೆ ಯಾವ ಬೆಲೆಗೆ ಹೋಗಿದ್ದವು ಎಂದು ನೋಡಿ ಹಾಕಿದ ಲೆಕ್ಕ. ಈ ಬಾರಿ ಪತ್ರದಲ್ಲೇ ಕೇಳುವ ಬೆಲೆ ಹಾಕಿದರು. ಇದರ ಬಗ್ಗೆ ಈ ವ್ಯವಹಾರದವರಲ್ಲಿ ಒಮ್ಮತವಿಲ್ಲ. ಬೆಲೆ ಹೇಳದಿದ್ದರೆ ಮಾತು ಶುರುವಾಗುತ್ತದೆ ಎನ್ನುವವರು ಬಹಳ. ಸಣ್ಣ ಕಂಪನಿಯ ಮಾಲೀಕರಿಗೆ ಬರೆಯುವಾಗ ಬೆಲೆ ಹೇಳಿಬಿಡುವುದೇ ವಾಸಿ ಎಂಬುದು ಈಗ ನನ್ನ ನಿಲುವು.

ಆರು ದಿನ ಯಾವ ಉತ್ತರವೂ ಇಲ್ಲ. ಏಳನೇ ದಿನ ಅದೇ ಪತ್ರದ ಮುಂದುವರಿಕೆಯಾಗಿ ಒಂದು ಸಾಲು ಕಳಿಸಿದರು: ‘ಹಿಂದಿನ ಪತ್ರ ನೋಡಿರದಿದ್ದರೆ ಎಂದು ಮತ್ತೊಮ್ಮೆ ನೆನಪಿಸುತ್ತಿದ್ದೇನೆ, ಇದೇ ಕೊನೆ.’ ಮೂರು ಉತ್ತರ ಬಂದವು. ಎರಡು ‘ಬೇಡ’. ಮೂರನೆಯದು ಹೈಫನ್ ಇಟ್ಟುಕೊಂಡ ಕಂಪನಿಯ ಮಾಲೀಕರದು. ಊರಲ್ಲಿರಲಿಲ್ಲ, ಈಗ ನೋಡಿದೆ ಎಂದು ಬರೆದು, ಮುಂದೆ ಸೇರಿಸಿದ್ದರು: ‘ಫೋನಿನಲ್ಲಿ ವಿಳಾಸ ಹೇಳುವಾಗಲೆಲ್ಲ ನಡುವೆ ಒಂದು ಗೆರೆ ಬರುತ್ತೆ ಅಂತ ಎರಡೆರಡು ಸಲ ಹೇಳಬೇಕು. ಆದರೂ ಜನ ಬಿಡುತ್ತಾರೆ.’

ಆ ಸಾಲು ಓದಿದಾಗ ನನಗೆ ಈ ಹೆಸರಿನ ನಿಜವಾದ ಬೆಲೆ ಏನೆಂದು ತಿಳಿಯಿತು. ಹುಡುಕಾಟದಲ್ಲಿ ಮೊದಲ ಸ್ಥಾನ, ಬ್ರ್ಯಾಂಡ್ ಮೌಲ್ಯ, ಇವೆಲ್ಲ ನಾವು ಕಟ್ಟಿಕೊಂಡ ಮಾತುಗಳು. ಅವರಿಗೆ ಬೇಕಾಗಿದ್ದದ್ದು ಫೋನಿನಲ್ಲಿ ಒಂದೇ ಸಲ ಹೇಳಿದರೆ ಸಾಕಾಗುವ ವಿಳಾಸ.

ಅವರ ಮುಂದಿನ ಪ್ರಶ್ನೆ ಬೆಲೆಯ ಬಗ್ಗೆ ಇರಲಿಲ್ಲ. ‘ಹೈಫನ್ ಬಿಟ್ಟು ಇಮೇಲ್ ಮಾಡಿದ ನಮ್ಮ ಗ್ರಾಹಕರ ಪತ್ರಗಳು ನಿಮಗೆ ಬಂದಿವೆಯೇ?’ ಸರಿಯಾದ ಪ್ರಶ್ನೆ. ಆ ಡೊಮೇನ್‌ಗೆ ಬರುವ ಎಲ್ಲ ಪತ್ರಗಳನ್ನೂ ಹಿಡಿದಿಟ್ಟು ಓದಬಹುದಿತ್ತು, ಕೆಲವರು ಹಾಗೆ ಮಾಡುತ್ತಾರೆ ಕೂಡ. ಇವರು ಇಮೇಲ್ ಪಡೆಯಲು ಬೇಕಾದ ಎಂಎಕ್ಸ್ ದಾಖಲೆಯನ್ನೇ ಹಾಕಿರಲಿಲ್ಲ. ಪತ್ರಗಳು ಕಳಿಸಿದವರಿಗೇ ವಾಪಸ್ ಹೋಗುತ್ತಿದ್ದವು. ಹಾಗೆಂದು ಬರೆದರು, ಯಾರು ಬೇಕಾದರೂ ಪರಿಶೀಲಿಸಬಹುದು ಎಂದೂ ಸೇರಿಸಿದರು. ಅಲ್ಲಿಂದ ಮುಂದೆ ಆ ಕಡೆಯ ಪತ್ರಗಳ ದನಿ ಬದಲಾದದ್ದು ಓದಿದವರಿಗೆ ಕಾಣುತ್ತದೆ.

ಮೊದಲ ಕೊಡುಗೆ 40 ಪಟ್ಟು. ‘ಬೇರೆಯವರೂ ಕೇಳುತ್ತಿದ್ದಾರೆ’ ಎಂದು ಬರೆಯುವ ಆಸೆ ಮಾರಾಟಗಾರ್ತಿಗೆ ಆ ರಾತ್ರಿ ಬಂದಿತ್ತು, ನನಗೆ ಫೋನ್ ಮಾಡಿ ಕೇಳಿದರು. ಕೇಳುತ್ತಿದ್ದವರು ಯಾರೂ ಇರಲಿಲ್ಲ. ಬರೆಯಲಿಲ್ಲ. ಅದರ ಬದಲು 110ಕ್ಕೆ ಇಳಿದು, ಎಸ್ಕ್ರೋ ಶುಲ್ಕ (ಹೆಸರು ಕೈಸೇರುವವರೆಗೆ ಹಣವನ್ನು ನಡುವೆ ಹಿಡಿದಿಡುವ ಸೇವೆಯದು) ತಾವೇ ಕೊಡುವುದಾಗಿ ಹೇಳಿದರು. ಕೊಳ್ಳುವವರು 90 ಎಂದರು. ಕೊನೆಗೆ 95 ಪಟ್ಟಿಗೆ ಕುದುರಿತು.

ಹಸ್ತಾಂತರ

ಹೆಸರು ನಿಮ್ಮದೇ ಎಂದು ತೋರಿಸಿ ಎಂದು ಕೊಳ್ಳುವವರು ಕೇಳಿದರು. ಅವರೇ ಆರಿಸಿದ ಒಂದು ಪದವನ್ನು ಡೊಮೇನ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ, ಅಂದರೆ ಯಾರು ಬೇಕಾದರೂ ನೋಡಬಹುದಾದ ಪಠ್ಯದ ಸಾಲಿನಲ್ಲಿ, ಹಾಕಿದ್ದಾಯಿತು. ನಿಯಂತ್ರಣ ಕೈಯಲ್ಲಿ ಇಲ್ಲದವರಿಗೆ ಅದು ಸಾಧ್ಯವಿಲ್ಲ. ಎಸ್ಕ್ರೋ ಸೇವೆಯನ್ನು ಇಬ್ಬರೂ ಒಪ್ಪಿ ಆರಿಸಿದರು, ಅದರ ವಿಳಾಸವನ್ನು ಇಮೇಲ್‌ನ ಕೊಂಡಿ ಒತ್ತದೆ ತಾವೇ ಟೈಪ್ ಮಾಡಿ ಹೋದರು. ನಕಲಿ ಎಸ್ಕ್ರೋ ಸೈಟ್‌ಗಳು ಈ ವ್ಯವಹಾರದ ಹಳೆಯ ಪಿಡುಗು.

ಹಣ ಎಸ್ಕ್ರೋಗೆ ಬಂತು. ಆಗ ಹೊಸ ತೊಡಕು. ಎಲ್ಲ ಹೆಸರುಗಳನ್ನೂ ಒಂದೇ ಕಡೆ ಇಡೋಣವೆಂದು ಮೂರು ವಾರದ ಹಿಂದಷ್ಟೇ ಅವರು ಈ ಡೊಮೇನ್‌ ಅನ್ನು ಬೇರೆ ರಿಜಿಸ್ಟ್ರಾರ್‌ಗೆ, ಅಂದರೆ ಡೊಮೇನ್ ನೋಂದಣಿ ಮಾಡಿಕೊಡುವ ಬೇರೆ ಕಂಪನಿಗೆ, ವರ್ಗಾಯಿಸಿದ್ದರು. ಹಾಗೆ ವರ್ಗಾಯಿಸಿದ ಹೆಸರನ್ನು 60 ದಿನ ಇನ್ನೊಂದು ರಿಜಿಸ್ಟ್ರಾರ್‌ಗೆ ಬಿಟ್ಟುಕೊಡದಂತೆ ತಡೆಹಿಡಿಯಲು ನಿಯಮದಲ್ಲಿ ಅವಕಾಶವಿದೆ. ಹಣ ಕಟ್ಟಿದ ಮೇಲೆ ‘ಇನ್ನೂ ಐದಾರು ವಾರ ಆಗುತ್ತದೆ’ ಎಂದರೆ ಯಾರಿಗೆ ತಾನೆ ಅನುಮಾನ ಬರದು? ಕೊಳ್ಳುವವರ ಪತ್ರದಲ್ಲಿ ಆ ಅನುಮಾನ ಇಣುಕಿತು. ಅಂದೇ ಮಧ್ಯಾಹ್ನ ದಾರಿ ಸಿಕ್ಕಿತು: ಅದೇ ರಿಜಿಸ್ಟ್ರಾರ್‌ನಲ್ಲಿ ಕೊಳ್ಳುವವರು ಖಾತೆ ತೆರೆದರೆ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೆಸರನ್ನು ದಾಟಿಸಬಹುದು, ಆ ತಡೆ ಇದಕ್ಕೆ ಅನ್ವಯಿಸಲಿಲ್ಲ. ಖಾತೆ ತೆರೆದರು, ಹೆಸರು ದಾಟಿತು, ಅವರು ದೃಢಪಡಿಸಿದ ಮೇಲೆ ಎಸ್ಕ್ರೋ ಹಣ ಬಿಡುಗಡೆ ಮಾಡಿತು. ಮಾರಾಟಕ್ಕೆ ಪತ್ರ ಕಳಿಸಬೇಕೆಂದಿರುವ ಹೆಸರನ್ನು ಅದಕ್ಕೂ ಮೊದಲಿನ ಎರಡು ತಿಂಗಳು ಅಲುಗಿಸಬಾರದು ಎಂಬುದು ನಮ್ಮಿಬ್ಬರಿಗೂ ಹೀಗೆ ಗೊತ್ತಾಯಿತು.

ಆಮೇಲೆ

340 ಪತ್ರಗಳಿಂದ ಒಂದು ವಕೀಲರ ನೋಟಿಸು, 14ರಿಂದ ಒಂದು ಮಾರಾಟ. ಹೈಫನ್‌ನಿಂದ ಬೇಸತ್ತ ಒಬ್ಬ ಮಾಲೀಕರು ಇದ್ದದ್ದು ಅದೃಷ್ಟವೇ ಸರಿ. ಉಳಿದ ನಾಲ್ಕು ಒಳ್ಳೆಯ ಹೆಸರುಗಳಲ್ಲಿ ಎರಡಕ್ಕೆ ಇದೇ ಕ್ರಮದಲ್ಲಿ ಬರೆದರು, ಎರಡೂ ಹೋಗಲಿಲ್ಲ. ವಿನ್ಯಾಸದ ಕೆಲಸದ ಇಮೇಲ್‌ಗಳು ಮತ್ತೆ ಸರಿಯಾಗಿ ಗ್ರಾಹಕರ ಇನ್‌ಬಾಕ್ಸ್ ತಲುಪಲು ಎರಡು ತಿಂಗಳು ಹಿಡಿಯಿತು. ಬಂದ ಹಣದಲ್ಲಿ ಎಲ್ಲ ಹೆಸರುಗಳನ್ನೂ ಎರಡು ವರ್ಷ ನವೀಕರಿಸಬಹುದಿತ್ತು. ಆದರೂ ಆ 27ನ್ನು ಅವಧಿ ಮುಗಿಯಲು ಬಿಟ್ಟರು.

ಈಗ ಹೊಸ ಹೆಸರು ನೋಂದಾಯಿಸುವ ಮುಂಚೆ ಅವರು ಖಾಲಿ ಹಾಳೆ ತೆಗೆದು ಹತ್ತು ಕಂಪನಿಗಳ ಹೆಸರು ಬರೆಯಲು ಕೂರುತ್ತಾರೆ. ಕಳೆದ ತಿಂಗಳು ಬಹಳ ಮೆಚ್ಚಿದ ಹೆಸರೊಂದು ಸಿಕ್ಕಿತ್ತು, ಹಾಳೆಯ ಫೋಟೊ ನನಗೆ ಕಳಿಸಿದ್ದರು. ನಾಲ್ಕು ಕಂಪನಿ ಬರೆದು, ಐದನೆಯ ಸಾಲಿನಲ್ಲಿ ಸಂಖ್ಯೆ ಮಾತ್ರ ಹಾಕಿ ನಿಲ್ಲಿಸಿದ್ದರು. ಹೆಸರು ಕೊಳ್ಳಲಿಲ್ಲ.